ಆಂಥ್ರೊಪೊಸೀನ್ ಬಿದ್ದಿತು, ಮೇಘಾಲಯನ್ ಉಳಿಯಿತು: ಅಷ್ಟಕ್ಕೂ ನಾವಿರುವುದು ಯಾವ ಯುಗದಲ್ಲಿ?

2024ರ ಮಾರ್ಚ್ ಮೊದಲ ವಾರ ಭೂವಿಜ್ಞಾನಿಗಳ ಒಂದು ಉಪ ಆಯೋಗ ಮತ ಹಾಕಿತು. ವಿಷಯ ಇಷ್ಟೇ: ಭೂಮಿಯ ಇತಿಹಾಸದ ಅಧಿಕೃತ ಕಾಲಪಟ್ಟಿಗೆ ‘ಆಂಥ್ರೊಪೊಸೀನ್’ ಎಂಬ ಹೊಸ ಅವಧಿಯನ್ನು ಸೇರಿಸಬೇಕೋ ಬೇಡವೋ. ಪರ 4, ವಿರುದ್ಧ 12, ತಟಸ್ಥ 2. ಅದೇ ತಿಂಗಳ ಕೊನೆಯ ಹೊತ್ತಿಗೆ ಅಂತಾರಾಷ್ಟ್ರೀಯ ಭೂವಿಜ್ಞಾನಗಳ ಒಕ್ಕೂಟ ಈ ಫಲಿತಾಂಶಕ್ಕೆ ಮುದ್ರೆ ಒತ್ತಿತು. ಹದಿನೈದು ವರ್ಷಗಳ ಕೆಲಸ, ನೂರಾರು ಸಂಶೋಧನಾ ಪ್ರಬಂಧಗಳು, ಹತ್ತಾರು ಪುಸ್ತಕಗಳು, ವಸ್ತುಪ್ರದರ್ಶನಗಳು, ಸಿನಿಮಾಗಳು, ಇಷ್ಟೆಲ್ಲ ಸೇರಿ ಕಟ್ಟಿದ್ದ ಒಂದು ಪದಕ್ಕೆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಸುದ್ದಿಮನೆಯಲ್ಲಿ ಇಂಥ ಸುದ್ದಿ ಬಂದಾಗ ಮೊದಲು ಹೊಳೆಯುವ ಶೀರ್ಷಿಕೆ ‘ಮಾನವಯುಗವನ್ನು ತಿರಸ್ಕರಿಸಿದ ವಿಜ್ಞಾನಿಗಳು’ ಎಂಬುದು. ಚಿಕ್ಕದು, ಚೊಕ್ಕ, ಮೊಬೈಲ್ ಪರದೆಯಲ್ಲಿ ಎರಡೇ ಸಾಲು. ಆದರೆ ಇದನ್ನು ಓದಿದವರಿಗೆ ಅರ್ಥವಾಗುವುದು ಬೇರೆಯೇ. ಮನುಷ್ಯನಿಂದ ಭೂಮಿಗೆ ಏನೂ ಆಗಿಲ್ಲ, ಹವಾಮಾನ ಬದಲಾವಣೆ ಎಂಬುದೆಲ್ಲ ಗುಲ್ಲು, ಈಗ ವಿಜ್ಞಾನಿಗಳೇ ಒಪ್ಪಿಕೊಂಡರು ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿಬಿಡಲು ಇಷ್ಟು ಸಾಕು.

ವಿರುದ್ಧ ಮತ ಹಾಕಿದ 12 ಮಂದಿ ಹೇಳಿದ್ದು ಅದಲ್ಲ. ಮನುಷ್ಯ ಭೂಮಿಯನ್ನು ಬದಲಿಸಿದ್ದಾನೆ ಎಂಬ ಬಗ್ಗೆ ಅಲ್ಲಿ ಜಗಳವೇ ಇರಲಿಲ್ಲ. ಜಗಳ ಇದ್ದದ್ದು ಒಂದು ಗೆರೆಯ ಬಗ್ಗೆ. ಆ ಗೆರೆಯನ್ನು ಎಲ್ಲಿ, ಯಾವ ವರ್ಷಕ್ಕೆ ಎಳೆಯಬೇಕು ಎಂಬ ಪ್ರಶ್ನೆ ಕೇಳಲು ಒಣ ತಾಂತ್ರಿಕ ಸಂಗತಿಯಂತೆ ಇದೆ. ಆದರೆ ಭೂಮಿ ಹೀಗಾಗಿದ್ದಕ್ಕೆ ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕು ಎಂಬ ಪ್ರಶ್ನೆ ಅದರೊಳಗೇ ಇದೆ. ಹಾಗಾಗಿ ನಮಗೂ ಅದು ಸಂಬಂಧಪಟ್ಟದ್ದೇ.

ಭೂಮಿಯ ವಿಳಾಸ

ಭೂವಿಜ್ಞಾನದ ಕಾಲಪಟ್ಟಿಯನ್ನು ನಮ್ಮ ಊರಿನ ವಿಳಾಸದಂತೆ ಓದಬಹುದು. ರಾಜ್ಯ, ಅದರೊಳಗೆ ಜಿಲ್ಲೆ, ಅದರೊಳಗೆ ತಾಲ್ಲೂಕು, ಕೊನೆಗೆ ಊರು. ಈಗಿನ ನಮ್ಮ ವಿಳಾಸ ಹೀಗಿದೆ: ಸೀನೊಜೋಯಿಕ್ ಎಂಬ ರಾಜ್ಯ, ಇದು ಡೈನೋಸಾರ್‌ಗಳು ಅಳಿದ 6.6 ಕೋಟಿ ವರ್ಷಗಳ ಹಿಂದೆ ಶುರುವಾಯಿತು. ಅದರೊಳಗೆ ಕ್ವಾಟರ್ನರಿ ಎಂಬ ಜಿಲ್ಲೆ, 25.8 ಲಕ್ಷ ವರ್ಷಗಳಿಂದ. ಅದರಲ್ಲಿ ಹೋಲೊಸೀನ್ ಎಂಬ ತಾಲ್ಲೂಕು, 11,700 ವರ್ಷಗಳಿಂದ. ಇನ್ನು ಊರಿನ ಹೆಸರು ಮೇಘಾಲಯನ್. ಹೌದು, ನಮ್ಮದೇ ಮೇಘಾಲಯ. ಅದಕ್ಕೆ ಆಮೇಲೆ ಬರೋಣ.

ಇಂಗ್ಲಿಷಿನಲ್ಲಿ ಈ ನಾಲ್ಕು ಮೆಟ್ಟಿಲುಗಳಿಗೂ ಬೇರೆ ಬೇರೆ ಹೆಸರಿದೆ: ಎರಾ, ಪೀರಿಯಡ್, ಎಪಾಕ್, ಏಜ್. ಕನ್ನಡದಲ್ಲಿ ನಾವು ನಾಲ್ಕಕ್ಕೂ ಬಹುಮಟ್ಟಿಗೆ ‘ಯುಗ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಶಿಲಾಯುಗವೂ ಯುಗ, ಹಿಮಯುಗವೂ ಯುಗ, ಡಿಜಿಟಲ್ ಯುಗವೂ ಯುಗ. ಮೇಲೆ ಕಲಿಯುಗ ಬೇರೆ ಇದೆ. ‘ಮಾನವಯುಗ’ ಎಂದ ಕೂಡಲೇ ಅದು ತಾಲ್ಲೂಕೋ ಊರೋ ಎಂಬುದು ಓದುಗರಿಗೆ ಗೊತ್ತಾಗುವುದಿಲ್ಲ. ಆದರೆ ಮತದಾನ ನಡೆದದ್ದೇ ಇದರ ಮೇಲೆ: ಹೋಲೊಸೀನ್ ಎಂಬ ತಾಲ್ಲೂಕನ್ನು ಮುಗಿಸಿ ಹೊಸ ತಾಲ್ಲೂಕು ಘೋಷಿಸಬೇಕೇ ಎಂಬುದು ಪ್ರಶ್ನೆ.

ಹೋಲೊಸೀನ್ ಎಂಬ ಪದದ ಅರ್ಥ ಗ್ರೀಕ್‌ನಲ್ಲಿ ‘ಪೂರ್ತಿ ಹೊಸದು’. 1833ರಲ್ಲಿ ಚಾರ್ಲ್ಸ್ ಲಯೆಲ್ ಇದನ್ನು ಬರೀ ‘ಇತ್ತೀಚಿನದು’ ಎಂದು ಕರೆದಿದ್ದ. ಆಮೇಲೆ ಅದೇ ಶತಮಾನದಲ್ಲಿ ಫ್ರಾನ್ಸಿನ ಪಾಲ್ ಜೆರ್ವೆ ಹೋಲೊಸೀನ್ ಎಂಬ ಹೆಸರು ಕೊಟ್ಟ. ಕೊನೆಯ ಹಿಮದ ಕಾಲ ಮುಗಿದು ಭೂಮಿ ಬೆಚ್ಚಗಾದ ಮೇಲಿನ ಕಾಲ ಇದು. ಬೇಸಾಯ, ಊರು, ಲಿಪಿ, ರಾಜ್ಯ, ಧರ್ಮಗ್ರಂಥ, ರೈಲು, ಫೋನು ಎಲ್ಲವೂ ಈ 11,700 ವರ್ಷಗಳ ಒಳಗೇ ಆದದ್ದು. ಅದರ ಆರಂಭದ ಗೆರೆ ಇರುವುದು ಗ್ರೀನ್‌ಲ್ಯಾಂಡ್‌ನ ಹಿಮದ ಹಾಸಿನೊಳಗೆ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ. ಕೊರೆದು ತೆಗೆದ ಹಿಮದ ಕಂಬದಲ್ಲಿ ‘ಇಲ್ಲಿಂದ’ ಎಂದು ಗುರುತು ಮಾಡಿದ್ದಾರೆ.

ಭೂವಿಜ್ಞಾನಿಗಳ ಪದ್ಧತಿಯೇ ಹಾಗೆ. ಒಂದು ಅವಧಿ ಶುರುವಾಯಿತು ಎನ್ನಬೇಕಾದರೆ ಕಲ್ಲಿನಲ್ಲೋ, ಕೆಸರಿನಲ್ಲೋ, ಹಿಮದಲ್ಲೋ ಒಂದು ನಿರ್ದಿಷ್ಟ ಜಾಗ ತೋರಿಸಬೇಕು. ಅದೇ ಗುರುತು ಜಗತ್ತಿನ ಬೇರೆ ಕಡೆಗಳಲ್ಲೂ ಸರಿಸುಮಾರು ಅದೇ ಕಾಲಕ್ಕೆ ಕಾಣಬೇಕು. ಈ ಗುರುತನ್ನು ಅವರು ‘ಚಿನ್ನದ ಮೊಳೆ’ ಎನ್ನುತ್ತಾರೆ. ಕೆಲವು ಕಡೆ ನಿಜವಾಗಿಯೂ ಬಂಡೆಗೆ ಲೋಹದ ಬಿಲ್ಲೆ ಹೊಡೆದಿರುತ್ತಾರೆ. ಮೊಳೆ ಇಲ್ಲದೆ ಹೆಸರಿಲ್ಲ.

ಸೋಹ್ರಾದ ಗುಹೆಯಲ್ಲಿ ಒಂದು ಮೊಳೆ

ಅಂಥ ಮೊಳೆಗಳಲ್ಲಿ ಒಂದು ಭಾರತದಲ್ಲಿದೆ. ಚಿರಾಪುಂಜಿ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ, ಖಾಸಿಗಳು ಸೋಹ್ರಾ ಎನ್ನುವ ಊರಿನ ಬಳಿ ಮಾವ್‌ಮ್ಲು ಎಂಬ ಸುಣ್ಣಕಲ್ಲಿನ ಗುಹೆ ಇದೆ. ಅದರ ನೆಲದಿಂದ ಮೇಲಕ್ಕೆ ಬೆಳೆದ ಒಂದು ಕಲ್ಲಿನ ಕೋಡು, ಅಂದರೆ ಸ್ಟ್ಯಾಲಗ್‌ಮೈಟ್, ಆಧಾರವಾಗಿ 2018ರಲ್ಲಿ ಹೋಲೊಸೀನ್‌ನ ಕೊನೆಯ ಭಾಗಕ್ಕೆ ‘ಮೇಘಾಲಯನ್’ ಎಂದು ಹೆಸರಿಡಲಾಯಿತು. ಸುಮಾರು 4,200 ವರ್ಷಗಳ ಹಿಂದೆ ಶುರುವಾಗಿ ಈ ಕ್ಷಣದವರೆಗೆ ಬಂದಿರುವ ಅವಧಿ ಅದು. ಅದಕ್ಕಿಂತ ಹಿಂದಿನ ಎರಡು ಭಾಗಗಳಿಗೆ ಗ್ರೀನ್‌ಲ್ಯಾಂಡಿಯನ್, ನಾರ್ತ್‌ಗ್ರಿಪ್ಪಿಯನ್ ಎಂಬ ಹೆಸರುಗಳಿವೆ. ಎರಡೂ ಗ್ರೀನ್‌ಲ್ಯಾಂಡ್‌ನ ಹಿಮದಿಂದಲೇ ಬಂದವು.

ಗುಹೆಯ ಕಲ್ಲು ಹೇಗೆ ಕಾಲ ಹೇಳುತ್ತದೆ? ಮಳೆನೀರು ಮಣ್ಣಿನ ಮೂಲಕ ಇಳಿದು ಸುಣ್ಣಕಲ್ಲನ್ನು ಕರಗಿಸಿಕೊಂಡು ಗುಹೆಯ ಚಾವಣಿಯಿಂದ ತೊಟ್ಟಿಕ್ಕುತ್ತದೆ. ಪ್ರತಿ ಹನಿಯೂ ಕೆಳಗೆ ಸುಣ್ಣದ ತೆಳು ಪದರ ಬಿಡುತ್ತದೆ. ನೂರಾರು, ಸಾವಿರಾರು ವರ್ಷಗಳಲ್ಲಿ ಅದು ಕಂಬವಾಗುತ್ತದೆ. ಆ ಪದರಗಳಲ್ಲಿರುವ ಆಮ್ಲಜನಕದಲ್ಲಿ ಹಗುರ, ಭಾರ ಎಂದು ಎರಡು ಬಗೆ. ಮುಂಗಾರು ಜೋರಾಗಿದ್ದ ವರ್ಷಗಳಲ್ಲಿ ಹಗುರ ಆಮ್ಲಜನಕದ ಪಾಲು ಹೆಚ್ಚು, ಕೈಕೊಟ್ಟ ವರ್ಷಗಳಲ್ಲಿ ಭಾರದ್ದು ಹೆಚ್ಚು. ಮಾವ್‌ಮ್ಲು ಕಲ್ಲನ್ನು ಸೀಳಿ ನೋಡಿದಾಗ 4,200 ವರ್ಷಗಳ ಹಿಂದೆ ಮುಂಗಾರು ದುರ್ಬಲಗೊಂಡದ್ದು ಕಂಡಿತು. ಜಗತ್ತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದರ ಕಲ್ಲು ಒಂದು ಬರದ ಸಾಕ್ಷಿಯಾಗಿ ಭೂಮಿಯ ಕಾಲಪಟ್ಟಿ ಸೇರಿತು!

ಅದೇ ಹೊತ್ತಿಗೆ ಮೆಸೊಪೊಟೇಮಿಯಾದ ಅಕ್ಕಾಡ್ ಸಾಮ್ರಾಜ್ಯ, ಈಜಿಪ್ಟಿನ ಹಳೆಯ ರಾಜ್ಯ, ಸಿಂಧೂ ಕಣಿವೆಯ ನಗರಗಳು ಈ ಬರದಿಂದ ಕುಸಿದವು ಎಂದು ಆಗ ದೊಡ್ಡದಾಗಿ ವರದಿಯಾಯಿತು. ಪುರಾತತ್ವಜ್ಞರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಹರಪ್ಪ, ಮೊಹೆಂಜೊದಾರೊ ಥರದ ನಗರಗಳು ಖಾಲಿಯಾಗಿದ್ದು ಕ್ರಿ.ಪೂ. 1900ರ ಆಸುಪಾಸು, ಅಂದರೆ ಬರ ಶುರುವಾಗಿ ಸುಮಾರು 300 ವರ್ಷಗಳ ಮೇಲೆ. ಜನ ಸತ್ತುಹೋಗಲಿಲ್ಲ, ಪೂರ್ವಕ್ಕೂ ದಕ್ಷಿಣಕ್ಕೂ ಹೊರಟುಹೋದರು, ಸಣ್ಣ ಊರುಗಳಲ್ಲಿ ನೆಲೆಸಿದರು. ಕಲ್ಲು ಹೇಳುವುದು ಮಳೆಯ ಕಥೆಯನ್ನು ಮಾತ್ರ, ಅರಮನೆಯ ಕಥೆಯನ್ನಲ್ಲ. ಏನೇ ಇರಲಿ, ಹೆಸರು ನಿಂತಿತು. 2022ರಲ್ಲಿ ಭೂವಿಜ್ಞಾನಗಳ ಒಕ್ಕೂಟ ಪ್ರಕಟಿಸಿದ ಜಗತ್ತಿನ ಮೊದಲ 100 ಭೂವೈಜ್ಞಾನಿಕ ಪರಂಪರೆಯ ತಾಣಗಳಲ್ಲಿ ಮಾವ್‌ಮ್ಲು ಗುಹೆಯೂ ಸೇರಿತು. ಆ ಗುಹೆಯ ಸುತ್ತಲಿನ ಗುಡ್ಡಗಳು ಸಿಮೆಂಟಿಗೆ ಬೇಕಾದ ಸುಣ್ಣಕಲ್ಲಿನವು, ಗಣಿಗಾರಿಕೆಯ ಬಗ್ಗೆ ಆತಂಕ ಬಹಳ ಹಿಂದಿನಿಂದ ಇದೆ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

2018ರಲ್ಲಿ ಈ ಹೆಸರು ಬಂದಾಗ ಒಂದು ಗೊಣಗಾಟವೂ ಕೇಳಿತ್ತು. ಲಂಡನ್ನಿನ ವಿಜ್ಞಾನಿ ಮಾರ್ಕ್ ಮಾಸ್ಲಿನ್ ಮುಂತಾದವರ ಪ್ರಶ್ನೆ: ಆಂಥ್ರೊಪೊಸೀನ್ ಬೇಕೇ ಎಂಬ ಚರ್ಚೆ ನಡೆಯುತ್ತಿರುವಾಗ ಇಂದಿನವರೆಗಿನ ಕಾಲಕ್ಕೆ ಬೇರೊಂದು ಹೆಸರನ್ನು ತರಾತುರಿಯಲ್ಲಿ ಏಕೆ ಇಟ್ಟಿರಿ? ಆಂಥ್ರೊಪೊಸೀನ್ ಒಪ್ಪಿಗೆಯಾಗಿದ್ದರೆ ಮೇಘಾಲಯನ್ 1952ಕ್ಕೆ ಮುಗಿದುಹೋಗುತ್ತಿತ್ತು. ಈಗ ಅದು ಮುಂದುವರಿದಿದೆ.

ಸಭೆಯೊಂದರಲ್ಲಿ ಹುಟ್ಟಿದ ಪದ

‘ಆಂಥ್ರೊಪೊಸ್’ ಎಂದರೆ ಗ್ರೀಕ್‌ನಲ್ಲಿ ಮನುಷ್ಯ. ಪದವನ್ನು ಜನಪ್ರಿಯಗೊಳಿಸಿದ್ದು ಪೌಲ್ ಕ್ರುಟ್ಜೆನ್. ಓಝೋನ್ ಪದರದ ಕುರಿತ ಕೆಲಸಕ್ಕೆ 1995ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಡಚ್ ವಿಜ್ಞಾನಿ. 2000ದಲ್ಲಿ ಮೆಕ್ಸಿಕೊದಲ್ಲಿ ನಡೆದ ಸಭೆಯೊಂದರಲ್ಲಿ ಎಲ್ಲರೂ ಹೋಲೊಸೀನ್, ಹೋಲೊಸೀನ್ ಎನ್ನುತ್ತಿದ್ದುದನ್ನು ಕೇಳಿ ತಾಳ್ಮೆ ಕಳೆದುಕೊಂಡು, ನಾವು ಈಗ ಹೋಲೊಸೀನ್‌ನಲ್ಲಿ ಇಲ್ಲ, ಆಂಥ್ರೊಪೊಸೀನ್‌ನಲ್ಲಿ ಇದ್ದೇವೆ ಎಂದುಬಿಟ್ಟರು. ಅಮೆರಿಕದ ಜೀವವಿಜ್ಞಾನಿ ಯೂಜೀನ್ ಸ್ಟೋರ್ಮರ್ ಈ ಪದವನ್ನು ಮೊದಲೇ ಬಳಸುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಇಬ್ಬರೂ ಸೇರಿ ಅದೇ ವರ್ಷ ಒಂದು ಸಣ್ಣ ಲೇಖನ ಬರೆದರು. ಪದ ಓಡತೊಡಗಿತು.

ಕ್ರುಟ್ಜೆನ್ ಮನಸ್ಸಿನಲ್ಲಿ ಇದ್ದ ಆರಂಭ 18ನೇ ಶತಮಾನದ ಕೊನೆಯದು, ಜೇಮ್ಸ್ ವಾಟ್‌ನ ಉಗಿಯಂತ್ರದ ಕಾಲ. ಅಲ್ಲಿಂದ ಕಲ್ಲಿದ್ದಲು ಉರಿಯತೊಡಗಿತು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರತೊಡಗಿತು. ಕೈಗಾರಿಕೆಗಳಿಗೆ ಮೊದಲು ಹತ್ತು ಲಕ್ಷದಲ್ಲಿ ಸುಮಾರು 280 ಭಾಗ ಇದ್ದದ್ದು ಈಗ 420ನ್ನು ದಾಟಿದೆ.

2009ರಲ್ಲಿ ಭೂವಿಜ್ಞಾನಿಗಳು ಇದನ್ನು ಪರಿಶೀಲಿಸಲು ಒಂದು ಕಾರ್ಯತಂಡ ಮಾಡಿದರು. ತಂಡಕ್ಕೆ ಉಗಿಯಂತ್ರ ಇಷ್ಟವಾಗಲಿಲ್ಲ. ಏಕೆಂದರೆ ಕೈಗಾರಿಕಾ ಕ್ರಾಂತಿ ಇಂಗ್ಲೆಂಡಿನಲ್ಲಿ ಮೊದಲು, ಉಳಿದ ಕಡೆ ಆಮೇಲೆ, ನಮ್ಮಲ್ಲಿ ಇನ್ನೂ ತಡವಾಗಿ. ಎಲ್ಲ ಕಡೆಯೂ ಒಂದೇ ಸಲ ಬಿದ್ದ ಗುರುತು ಬೇಕಲ್ಲ? ಹುಡುಕಿ ಹುಡುಕಿ ಅವರು ನಿಂತದ್ದು ಎರಡನೇ ಮಹಾಯುದ್ಧದ ನಂತರದ ಕಾಲದಲ್ಲಿ. ಅಲ್ಲಿಂದ ಜನಸಂಖ್ಯೆ, ಗೊಬ್ಬರ, ಕಾರು, ಅಣೆಕಟ್ಟು, ಪ್ಲಾಸ್ಟಿಕ್, ಕಾಂಕ್ರೀಟ್ ಎಲ್ಲದರ ರೇಖೆಗಳೂ ಒಮ್ಮೆಲೇ ಮೇಲಕ್ಕೆ ನೆಗೆಯುತ್ತವೆ. ಈ ನೆಗೆತವನ್ನು ‘ಮಹಾ ವೇಗವರ್ಧನೆ’ ಎನ್ನುತ್ತಾರೆ. 1950ರಲ್ಲಿ ಜಗತ್ತಿನಲ್ಲಿ ಸುಮಾರು 250 ಕೋಟಿ ಜನ, ಈಗ 800 ಕೋಟಿಗೂ ಹೆಚ್ಚು.

ಮೊಳೆ ಹೊಡೆಯಲು 12 ಜಾಗಗಳನ್ನು ಪರಿಶೀಲಿಸಿದರು: ಜಪಾನಿನ ಕೊಲ್ಲಿ, ಆಸ್ಟ್ರೇಲಿಯಾದ ಹವಳ, ಪೋಲೆಂಡಿನ ಜವುಗು, ಇಟಲಿಯ ಗುಹೆ, ಅಂಟಾರ್ಕ್ಟಿಕಾದ ಹಿಮ, ವಿಯೆನ್ನಾ ನಗರದ ಒಂದು ಚೌಕದ ಅಡಿಯ ಅವಶೇಷ ಹೀಗೆ. ಭಾರತದ್ದು ಒಂದೂ ಇರಲಿಲ್ಲ, ಆಫ್ರಿಕಾದ್ದೂ ಇರಲಿಲ್ಲ. 2023ರ ಜುಲೈನಲ್ಲಿ ಆಯ್ಕೆಯಾದದ್ದು ಕೆನಡಾದ ಒಂಟಾರಿಯೊದಲ್ಲಿರುವ ಕ್ರಾಫರ್ಡ್ ಸರೋವರ.

ಈ ಸರೋವರ ನಮ್ಮ ಊರಿನ ಕೆರೆಗಿಂತ ದೊಡ್ಡದೇನಲ್ಲ, ಎರಡೂವರೆ ಹೆಕ್ಟೇರ್‌ಗೂ ಕಡಿಮೆ. ಆದರೆ ಆಳ 20 ಮೀಟರ್‌ಗಿಂತ ಹೆಚ್ಚು. ತಳದ ನೀರು ಮೇಲಿನ ನೀರಿನೊಂದಿಗೆ ಬೆರೆಯುವುದೇ ಇಲ್ಲ. ಹಾಗಾಗಿ ತಳಕ್ಕೆ ಬಿದ್ದದ್ದು ಬಿದ್ದ ಹಾಗೇ ಪದರವಾಗಿ ಕೂರುತ್ತದೆ. ಬೇಸಿಗೆಯಲ್ಲಿ ಬಿಳಿ ಸುಣ್ಣದ ಪದರ, ಉಳಿದ ಕಾಲದಲ್ಲಿ ಕಪ್ಪು ಪದರ, ವರ್ಷಕ್ಕೊಂದು ಜೋಡಿ. ಒಳಗೆ ಕೊರೆಯುವ ಮಂಜು ತುಂಬಿದ ಲೋಹದ ಪಟ್ಟಿಯನ್ನು ಕೆಸರಿಗೆ ಇಳಿಸಿದರೆ ಕೆಸರು ಅದಕ್ಕೆ ಕುಲ್ಫಿಯಂತೆ ಹೆಪ್ಪುಗಟ್ಟಿ ಮೇಲೆ ಬರುತ್ತದೆ. ಪದರ ಎಣಿಸಿದರೆ ವರ್ಷ ಸಿಗುತ್ತದೆ. 1950ರ ದಶಕದ ಪದರಗಳಲ್ಲಿ ಪ್ಲುಟೋನಿಯಂ ಕಾಣತೊಡಗುತ್ತದೆ. 1952ರ ನವೆಂಬರ್‌ನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ ಮೊದಲ ಜಲಜನಕ ಬಾಂಬ್ ಸಿಡಿಸಿತ್ತು. ಅಂಥ ಪರೀಕ್ಷೆಗಳ ದೂಳು ಮೇಲಿನ ವಾಯುಮಂಡಲಕ್ಕೆ ಏರಿ ಇಡೀ ಭೂಮಿಯ ಮೇಲೆ ಉದುರಿತು. ಪ್ಲುಟೋನಿಯಂ-239ರ ಅರ್ಧಾಯುಷ್ಯ 24 ಸಾವಿರ ವರ್ಷ. ಗುರುತಾಗಿ ಇದಕ್ಕಿಂತ ಸ್ಪಷ್ಟವಾದದ್ದು ಸಿಗುವುದು ಕಷ್ಟ. ಹಾಗಾಗಿ ತಂಡದ ಪ್ರಸ್ತಾವ: ಆಂಥ್ರೊಪೊಸೀನ್ ಶುರುವಾದದ್ದು 1952ರಲ್ಲಿ.

2024ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ನಡೆಯಲಿದ್ದ ಅಂತಾರಾಷ್ಟ್ರೀಯ ಭೂವೈಜ್ಞಾನಿಕ ಸಮ್ಮೇಳನದ ಹೊತ್ತಿಗೆ ಎಲ್ಲ ಹಂತಗಳೂ ಮುಗಿಯಬಹುದು ಎಂಬ ನಿರೀಕ್ಷೆ ಇತ್ತು. ಮೊದಲ ಹಂತದಲ್ಲೇ ಮುಗ್ಗರಿಸಿತು.

ಬಳ್ಳಾರಿಯ ಬೂದಿ, ದೇವನಾರ್‌ನ ಕಸ

ವಿರೋಧಿಗಳ ವಾದ ಸರಳವಾಗಿತ್ತು. 1952ರಿಂದ ಈಚೆಗೆ ಕೂತ ಕೆಸರು ಒಂದು ಅಡಿಯಷ್ಟೂ ಇಲ್ಲ, ಒಬ್ಬ ಮನುಷ್ಯನ ಆಯಸ್ಸಿನಷ್ಟು ಕಾಲ. ಪಟ್ಟಿಯಲ್ಲಿರುವ ಉಳಿದ ಎಪಾಕ್‌ಗಳು ಲಕ್ಷ, ಕೋಟಿ ವರ್ಷಗಳವು. ಚಿಕ್ಕದಾದ ಹೋಲೊಸೀನ್‌ಗೇ 11,700 ವರ್ಷ. ಅದಕ್ಕಿಂತ ಮುಖ್ಯವಾದದ್ದು, ಮನುಷ್ಯನ ಗುರುತು ಭೂಮಿಯ ಮೇಲೆ ಬಿದ್ದದ್ದು ಒಂದೇ ದಿನ ಅಲ್ಲ. ಅದೇ ಕ್ರಾಫರ್ಡ್ ಸರೋವರದ ಕೆಳಗಿನ ಪದರಗಳಲ್ಲಿ ಮುಸುಕಿನ ಜೋಳದ ಪರಾಗ ಸಿಕ್ಕಿದೆ. 13ರಿಂದ 15ನೇ ಶತಮಾನದವರೆಗೆ ಅಲ್ಲಿನ ಮೂಲನಿವಾಸಿಗಳು ದಡದಲ್ಲಿ ಊರು ಕಟ್ಟಿ, ಹೊಲ ಮಾಡಿ ಬದುಕಿದ್ದರು. ಅವರು ಮನುಷ್ಯರಲ್ಲವೇ?

ಇದಕ್ಕೆ ನಮ್ಮ ಕಡೆಯ ಉದಾಹರಣೆ ಬೇಕಾದರೆ ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿಗೆ ಹೋಗಬೇಕು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ, ಹಾಗೆಯೇ ಗಡಿಯಾಚೆ ತೆಲಂಗಾಣ, ಆಂಧ್ರದಲ್ಲಿ ಬೂದಿ ದಿಬ್ಬಗಳಿವೆ. ಹಂಪಿ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಾರೆ. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ದಿಬ್ಬಗಳನ್ನು ನೋಡಿ ಇದು ಸುಟ್ಟ ಸಗಣಿ ಎಂದ. 1950ರ ದಶಕದಲ್ಲಿ ಹಳೆಯ ಮೆಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಉತ್ಖನನ ಮಾಡಿದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ದನ ಕಟ್ಟಿದ ಜಾಗದ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟು ಬೆಳೆದ ದಿಬ್ಬಗಳು ಇವು. ದಕ್ಷಿಣ ಭಾರತದ ಆ ನವಶಿಲಾಯುಗದ ಕಾಲ ಸುಮಾರು ಕ್ರಿ.ಪೂ. 3000ದಿಂದ 1200. ಅಂದರೆ ಸೋಹ್ರಾದ ಗುಹೆಯಲ್ಲಿ ಮೇಘಾಲಯನ್ ಶುರುವಾಗುವುದಕ್ಕೆ ಮೊದಲೇ ದಖ್ಖನ್ನಿನಲ್ಲಿ ದನಗಾಹಿಗಳು ಭೂಮಿಯ ಮೇಲೆ ಹೊಸ ಪದರ ಹಾಕತೊಡಗಿದ್ದರು.

ಈಗ ನೀವಿರುವ ನಗರಗಳಿಗೇ ಬನ್ನಿ. ಮುಂಬಯಿ ಏಳು ದ್ವೀಪಗಳ ನಡುವಿನ ಸಮುದ್ರ ತುಂಬಿ ಮಾಡಿದ ನೆಲ, ಆ ಮಣ್ಣು 18, 19ನೇ ಶತಮಾನದ್ದು. ದೇವನಾರ್‌ನ ಕಸದ ಗುಡ್ಡ 1927ರಿಂದ ಬೆಳೆದದ್ದು. ದೆಹಲಿಯ ಗಾಜಿಪುರದ್ದು 1984ರಿಂದ. ಚೆನ್ನೈನಲ್ಲಿ ಪಳ್ಳಿಕರಣೈ ಜವುಗಿನ ಅಂಚಿಗೆ ಪೆರುಂಗುಡಿಯ ಕಸ ಬಂದು ಬಿದ್ದದ್ದೂ ಇತ್ತೀಚೆಗೆ. ಈ ಎಲ್ಲ ಪದರಗಳೂ ಮನುಷ್ಯ ಹಾಕಿದವೇ, ಆದರೆ ಒಂದೊಂದು ಊರಿನಲ್ಲಿ ಒಂದೊಂದು ಇಸವಿ. ಇವೆಲ್ಲದರ ನಡುವೆ 1952 ಎಂದು ನೇರ ಗೆರೆ ಎಳೆದರೆ ಮುಂಬಯಿಯ ಅರ್ಧ ನೆಲ ‘ಮಾನವಯುಗ’ಕ್ಕೆ ಮೊದಲಿನದಾಗುತ್ತದೆ.

ಹಾಗಾಗಿ ಫಿಲ್ ಗಿಬ್ಬಾರ್ಡ್, ಅರ್ಲ್ ಎಲ್ಲಿಸ್ ಮುಂತಾದವರು ಬೇರೆ ದಾರಿ ಸೂಚಿಸಿದರು. ಎಲ್ಲಿಸ್ ಕಾರ್ಯತಂಡದ ಸದಸ್ಯರೇ ಆಗಿದ್ದವರು, 2023ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಆಂಥ್ರೊಪೊಸೀನ್ ಅನ್ನು ಅವಧಿ ಎನ್ನುವ ಬದಲು ‘ಘಟನೆ’ ಎನ್ನೋಣ ಎಂಬುದು ಅವರ ಮಾತು. 200 ಕೋಟಿ ವರ್ಷಗಳಿಗೂ ಹಿಂದೆ ಸೂಕ್ಷ್ಮಜೀವಿಗಳಿಂದಾಗಿ ಗಾಳಿಗೆ ಆಮ್ಲಜನಕ ಸೇರಿದ್ದನ್ನು ಭೂವಿಜ್ಞಾನಿಗಳು ಘಟನೆ ಎಂದೇ ಕರೆಯುತ್ತಾರೆ. ಅದು ಒಂದು ದಿನದಲ್ಲಿ ಆದದ್ದಲ್ಲ, ಕೋಟ್ಯಂತರ ವರ್ಷ ಹಿಡಿಯಿತು. ಅದಕ್ಕೆ ಚಿನ್ನದ ಮೊಳೆ ಇಲ್ಲ. ಆದರೂ ಅದು ಭೂಮಿಯ ದಿಕ್ಕನ್ನೇ ಬದಲಿಸಿತು. ಮನುಷ್ಯನ ಕೆಲಸವನ್ನೂ ಹಾಗೇ ಲೆಕ್ಕ ಹಾಕಬಹುದಲ್ಲವೇ?

ಶುದ್ಧ ಭೂವಿಜ್ಞಾನವಾಗಿ ನೋಡಿದರೆ ಈ ವಾದವೇ ಗಟ್ಟಿ ಎಂದು ನನಗೆ ಅನಿಸುತ್ತದೆ. ಬೂದಿ ದಿಬ್ಬಗಳನ್ನು ಬದಿಗಿಟ್ಟು ಬಾಂಬಿನಿಂದ ಮನುಷ್ಯನ ಕಥೆ ಶುರುಮಾಡಲು ಆಗದು. ಆದರೆ ಇದರಲ್ಲಿ ಕಳೆದುಹೋಗುವುದೂ ಒಂದಿದೆ.

ಗದ್ದೆ ಮತ್ತು ಬಾಂಬು

1952 ಎಂಬ ಇಸವಿಗೆ ಒಂದು ಗುಣವಿತ್ತು. ಅದು ವಿಳಾಸ ಹೇಳುತ್ತಿತ್ತು. ಅಂದು ಬಾಂಬ್ ಯಾರ ಬಳಿ ಇತ್ತು, ತೈಲ ಯಾರು ಉರಿಸುತ್ತಿದ್ದರು, ಕಾರು ಯಾರ ಮನೆಯಲ್ಲಿತ್ತು ಎಂಬುದರಲ್ಲಿ ಗೊಂದಲವೇ ಇರಲಿಲ್ಲ. ಅದೇ ಆರಂಭವನ್ನು ಹಿಂದಕ್ಕೆ ಸರಿಸುತ್ತ ಹೋದರೆ ಲೆಕ್ಕದ ಪುಸ್ತಕದಲ್ಲಿ ಬೇರೆಯವರ ಹೆಸರು ಬರತೊಡಗುತ್ತದೆ. ಅಮೆರಿಕದ ವಿಲಿಯಂ ರಡ್ಡಿಮನ್ ಎಂಬ ವಿಜ್ಞಾನಿ ಬಹಳ ಹಿಂದೆಯೇ ಹೇಳಿದ್ದರು: ಸುಮಾರು 5,000 ವರ್ಷಗಳ ಹಿಂದೆ ಗಾಳಿಯಲ್ಲಿ ಮೀಥೇನ್ ಏರತೊಡಗಿದ್ದಕ್ಕೆ ಕಾರಣ ಏಷ್ಯಾದ ನೀರು ನಿಲ್ಲಿಸಿದ ಭತ್ತದ ಗದ್ದೆಗಳು. ವಿಜ್ಞಾನವಾಗಿ ಇದು ಗಂಭೀರವಾದ ಊಹೆ, ಚರ್ಚೆಯಲ್ಲಿದೆ. ಆದರೆ ಮಾತುಕತೆಯ ಮೇಜಿನ ಮೇಲೆ ಇದೇ ಮಾತು ಬೇರೆ ರೂಪ ತಾಳುತ್ತದೆ. ಅದಕ್ಕೆ ಭಾರತದ ಅನುಭವವೇ ಸಾಕ್ಷಿ.

1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3.7 ಕೋಟಿ ಟನ್‌ಗೂ ಹೆಚ್ಚು ಮೀಥೇನ್ ಹೊರಬರುತ್ತದೆ ಎಂದು ಅಂದಾಜಿಸಿತ್ತು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರಾ ನೇತೃತ್ವದಲ್ಲಿ ದೇಶದ ಬೇರೆ ಬೇರೆ ಗದ್ದೆಗಳಿಗೇ ಹೋಗಿ ಅಳೆದರು. ಬಂದ ಲೆಕ್ಕ ಸುಮಾರು 40 ಲಕ್ಷ ಟನ್. ಹತ್ತನೇ ಒಂದು ಭಾಗ! ಅದೇ ವರ್ಷ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಟ್ಟ ಪುಸ್ತಕ ತಂದರು. ಬಡ ರೈತನ ಗದ್ದೆಯಿಂದ ಬರುವ ಅನಿಲವನ್ನೂ ಶ್ರೀಮಂತ ದೇಶದ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಒಂದು ಬದುಕಿಗಾಗಿ, ಇನ್ನೊಂದು ಐಷಾರಾಮಕ್ಕಾಗಿ ಎಂಬುದು ಅವರ ವಾದ. ಮೂವತ್ತು ವರ್ಷ ದಾಟಿದರೂ ಹವಾಮಾನ ಸಮ್ಮೇಳನಗಳಲ್ಲಿ ಭಾರತ ಆಡುವ ಮಾತಿನ ತಳಹದಿ ಅದೇ.

‘ಆಂಥ್ರೊಪೊಸ್’ ಎಂದರೆ ಮನುಷ್ಯ ಎಂದೆವಲ್ಲ, ಯಾವ ಮನುಷ್ಯ? ಈಗಲೂ ಭಾರತದಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ ಸುಮಾರು 14 ಟನ್. ನಮ್ಮ ಸರಾಸರಿಯ ಒಳಗೂ ಮಲಬಾರ್ ಹಿಲ್ ಇದೆ, ಮಾನ್‌ಖುರ್ದ್ ಇದೆ, ಅದು ಬೇರೆ ಮಾತು. ಇದೇ ಕಾರಣಕ್ಕೆ ಕೆಲವು ವಿದ್ವಾಂಸರು ಆಂಥ್ರೊಪೊಸೀನ್ ಬದಲು ‘ಕ್ಯಾಪಿಟಲೊಸೀನ್’ ಎನ್ನಿ, ದೋಷ ಮನುಷ್ಯನದ್ದಲ್ಲ, ಬಂಡವಾಳದ್ದು ಎಂದರು. ಮತ್ತೊಂದು ಕಡೆ ಬಂಗಾಳದ ಇತಿಹಾಸಕಾರ ದೀಪೇಶ್ ಚಕ್ರವರ್ತಿ 2009ರ ತಮ್ಮ ಹೆಸರಾಂತ ಪ್ರಬಂಧದಲ್ಲಿ, ಬಡವ ಬಲ್ಲಿದ ಭೇದ ನಿಜ, ಆದರೆ ಈ ಬಿಕ್ಕಟ್ಟಿನಲ್ಲಿ ಮನುಷ್ಯಕುಲವನ್ನು ಒಂದು ಜೀವಜಾತಿಯಾಗಿಯೂ ನೋಡದೆ ಗತ್ಯಂತರವಿಲ್ಲ ಎಂಬ ಪ್ರಶ್ನೆ ಎತ್ತಿದರು. ಎರಡೂ ಮಾತು ಒಟ್ಟಿಗೆ ನಿಜವಾಗಿರುವುದೇ ಇಲ್ಲಿನ ಕಷ್ಟ.

ಭಾರತ ಬರೀ ಬಲಿಪಶು ಎಂದುಕೊಂಡರೂ ತಪ್ಪು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 1993ರಿಂದ 2010ರವರೆಗೆ ಜಗತ್ತು ಎತ್ತಿದ ಅಂತರ್ಜಲ ಸುಮಾರು 2,150 ಗಿಗಾಟನ್. ನೆಲದೊಳಗಿನ ಅಷ್ಟು ನೀರು ಸಮುದ್ರ ಸೇರಿದ್ದರಿಂದ ಭೂಮಿ ತಿರುಗುವ ಅಕ್ಷದ ಧ್ರುವವೇ ಸುಮಾರು 80 ಸೆಂಟಿಮೀಟರ್ ಸರಿದಿದೆ. ಅತಿ ಹೆಚ್ಚು ನೀರು ಮರುಹಂಚಿಕೆಯಾದ ಎರಡು ಜಾಗಗಳು ಉತ್ತರ ಅಮೆರಿಕದ ಪಶ್ಚಿಮ ಭಾಗ ಮತ್ತು ವಾಯವ್ಯ ಭಾರತ. ಪಂಜಾಬ್, ಹರಿಯಾಣದ ಬೋರ್‌ವೆಲ್‌ಗಳು ಭೂಮಿಯ ತಿರುಗುವಿಕೆಯಲ್ಲಿ ದಾಖಲಾಗಿವೆ. ಇದನ್ನು ಯಾವ ಹೆಸರಿನಿಂದ ಕರೆಯುತ್ತೀರಿ?

ಇಂಥ ಗುರುತುಗಳಿಗೆ ಕೊರತೆಯಿಲ್ಲ. 2020ರ ಲೆಕ್ಕವೊಂದರ ಪ್ರಕಾರ ಮನುಷ್ಯ ಮಾಡಿದ ವಸ್ತುಗಳ ತೂಕ ಭೂಮಿಯ ಮೇಲಿನ ಎಲ್ಲ ಜೀವರಾಶಿಯ ಒಣ ತೂಕವನ್ನು ಸರಿಸುಮಾರು ಆಗಲೇ ದಾಟಿದೆ. ಅದರಲ್ಲಿ ದೊಡ್ಡ ಪಾಲು ಕಾಂಕ್ರೀಟ್. ಯಾವುದೇ ಹೊತ್ತಿನಲ್ಲಿ ಭೂಮಿಯ ಮೇಲೆ 2,000 ಕೋಟಿಗೂ ಹೆಚ್ಚು ಕೋಳಿಗಳಿವೆ. ಬ್ರಾಯ್ಲರ್ ಕೋಳಿಯ ಮೂಳೆ ಮುಂದಿನವರಿಗೆ ಈ ಕಾಲದ ಪಳೆಯುಳಿಕೆಯಾಗಬಹುದು ಎಂದು ಬ್ರಿಟನ್ನಿನ ವಿಜ್ಞಾನಿಗಳು ಬರೆದಿದ್ದಾರೆ. ನಗಬೇಡಿ, ಬಹಳ ಗಂಭೀರವಾಗಿಯೇ ಬರೆದಿದ್ದಾರೆ.

ಮತದಾನದ ಮೇಲೂ ಜಗಳ

ಮತದಾನ ಸುಸೂತ್ರವಾಗಿಯೂ ನಡೆಯಲಿಲ್ಲ. ಉಪ ಆಯೋಗದ ಅಧ್ಯಕ್ಷ ಯಾನ್ ಜಲಾಸಿಯೆವಿಚ್ ಮತ್ತು ಉಪಾಧ್ಯಕ್ಷರಲ್ಲೊಬ್ಬರಾದ ಮಾರ್ಟಿನ್ ಹೆಡ್ ಅವರೇ, ನಿಯಮ ಮೀರಿ ಮತದಾನ ನಡೆದಿದೆ, ರದ್ದು ಮಾಡಿ ಎಂದರು. ಮೇಲಿನ ಸಂಸ್ಥೆ ಒಪ್ಪಲಿಲ್ಲ. 2006ರಲ್ಲಿ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದಾಗಲೂ ಹೀಗೇ ಗಲಾಟೆಯಾಗಿತ್ತು. ಪ್ಲೂಟೊ ಮಾತ್ರ ಇದ್ದಲ್ಲೇ ಸುತ್ತುತ್ತಿದೆ.

ತಿರಸ್ಕರಿಸಿದ ಒಕ್ಕೂಟವೇ ತನ್ನ ಹೇಳಿಕೆಯಲ್ಲಿ, ಆಂಥ್ರೊಪೊಸೀನ್ ಎಂಬ ಪದವನ್ನು ವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರು, ರಾಜಕಾರಣಿಗಳು, ಜನಸಾಮಾನ್ಯರು ಬಳಸುತ್ತಲೇ ಇರುತ್ತಾರೆ, ಮನುಷ್ಯ ಪ್ರಭಾವವನ್ನು ವಿವರಿಸಲು ಅದು ಬೆಲೆಯುಳ್ಳ ಪದ ಎಂದು ಹೇಳಿದೆ. ಪಟ್ಟಿಯಲ್ಲಿ ಇಲ್ಲ, ಬಳಕೆಯಲ್ಲಿದೆ.

ಹಾಗಾದರೆ ಕನ್ನಡದಲ್ಲಿ ಏನು ಬರೆಯೋಣ? ‘ಮಾನವಯುಗ’ ಕೇಳಲು ಚಂದ. ಆದರೆ ಅದರಲ್ಲಿ ‘ಮಾನವ’ ಎಂದರೆ ಎಲ್ಲರೂ, ‘ಯುಗ’ ಎಂದರೆ ತೀರ್ಮಾನವಾದ ಅವಧಿ. ಎರಡೂ ಈಗ ಚರ್ಚೆಯಲ್ಲಿರುವ ಸಂಗತಿಗಳೇ. ನನ್ನ ಮಟ್ಟಿಗೆ ‘ಆಂಥ್ರೊಪೊಸೀನ್’ ಎಂದೇ ಬರೆದು, ಪಕ್ಕದಲ್ಲಿ ‘ಮನುಷ್ಯನಿಂದ ಭೂಮಿಯಲ್ಲಾದ ಬದಲಾವಣೆಗೆ ವಿಜ್ಞಾನಿಗಳು ಇಟ್ಟ ಅನಧಿಕೃತ ಹೆಸರು’ ಎಂದು ಒಂದು ಸಾಲು ಸೇರಿಸುವುದು ವಾಸಿ. ಶೀರ್ಷಿಕೆ ಉದ್ದವಾಗುತ್ತದೆ, ಆಗಲಿ. ದೆಹಲಿಯಲ್ಲಿ ಕೂತು ಯುಪಿಎಸ್‌ಸಿಗೆ ಓದುತ್ತಿರುವವರಿಗೆ ಮಾತ್ರ ಪ್ರತ್ಯೇಕ ಸೂಚನೆ: ಪರೀಕ್ಷೆಯಲ್ಲಿ ಈಗಿನ ಎಪಾಕ್ ಯಾವುದು ಎಂದು ಕೇಳಿದರೆ ಹೋಲೊಸೀನ್, ಏಜ್ ಯಾವುದು ಎಂದರೆ ಮೇಘಾಲಯನ್. ಆಂಥ್ರೊಪೊಸೀನ್ ಎಂದು ಗುರುತು ಹಾಕಿದರೆ ಅಂಕ ಸಿಗುವುದಿಲ್ಲ.